ವಿದೇಶಿ ಡಿವಿಡಿ ಗೇಮ್ ಕನ್ಸೋಲ್‌ನಲ್ಲಿ ಓಡದಿದ್ದರೆ: ಲಕ್ಷಣ ನೋಡಿ ಕಾರಣ ಹಿಡಿಯುವುದು

ಅಮೆರಿಕದಿಂದ ಬಂದ ಪಿಎಸ್3 (ಸೋನಿಯ ಪ್ಲೇಸ್ಟೇಷನ್ 3) ಇದೆ, ಬೆಂಗಳೂರಿನಲ್ಲಿ ಕೊಂಡ ಡಿವಿಡಿ ಹಾಕಿದರೆ ಓಡುವುದಿಲ್ಲ. ಇಲ್ಲವೇ ಕನ್ಸೋಲ್ ಇಲ್ಲಿಯದು, ಡಿಸ್ಕ್ ಲಂಡನ್ನಿನದು. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದವರು ಊರಿನಿಂದ ಒಯ್ದ ಕನ್ನಡ ಚಿತ್ರದ ಡಿವಿಡಿಯನ್ನು ಅಲ್ಲಿನ ಕನ್ಸೋಲ್‌ಗೆ ಹಾಕಿ ಸುಸ್ತಾಗುವುದೂ ಉಂಟು. ಮೂರು ಕಡೆಯೂ ಮೊದಲು ಬರುವ ಮಾತು ಒಂದೇ: 'ರೀಜನ್ ಲಾಕ್ ಇರಬೇಕು.' ಅಂದರೆ ಒಂದು ಪ್ರದೇಶಕ್ಕೆಂದು ಮಾರಿದ ಡಿಸ್ಕ್ ಇನ್ನೊಂದು ಪ್ರದೇಶದ ಯಂತ್ರದಲ್ಲಿ ಓಡದಂತೆ ಹಾಕಿದ ತಡೆ. ಎಷ್ಟೋ ಸಲ ಅದು ನಿಜ. ಎಷ್ಟೋ ಸಲ ತಪ್ಪು ಕೇಬಲ್ಲೋ, ಮಂಕಾದ ಲೆನ್ಸೋ, ಡಿವಿಡಿಯಂತೆ ಕಾಣುವ ವಿಸಿಡಿಯೋ (ಸಿಡಿಯಲ್ಲಿ ತುಂಬಿದ ಸಿನಿಮಾ) ಆಗಿರುತ್ತದೆ.

ಡಿಸ್ಕ್ ಒಳಗೆ ಹೋದಮೇಲೆ ಕೆಲಸ ಒಂದು ಕ್ರಮದಲ್ಲಿ ನಡೆಯುತ್ತದೆ. ಮೊದಲು ಲೇಸರ್ ಅದನ್ನು ಓದಬೇಕು. ಓದಿದ ಮೇಲೆ ಕನ್ಸೋಲ್ ರೀಜನ್ ಕೋಡ್ ನೋಡುತ್ತದೆ. ಆಮೇಲೆ ಚಿತ್ರ ಯಾವ ಟಿವಿ ಪದ್ಧತಿಯದು, ಪಾಲ್ ಎಂಬುದರದೋ ಎನ್‌ಟಿಎಸ್‌ಸಿ ಎಂಬುದರದೋ ಎಂಬ ಪ್ರಶ್ನೆ. ಕೊನೆಗೆ ಕೇಬಲ್, ಟಿವಿ. ಯಂತ್ರ ಯಾವ ಹಂತದಲ್ಲಿ ನಿಂತಿತು ಎಂಬುದನ್ನು ಲಕ್ಷಣವೇ ಹೇಳುತ್ತದೆ. ಮುಖ್ಯವಾಗಿ ಇದನ್ನು ಗಮನಿಸಿ: ಪರದೆಯ ಮೇಲೆ ರೀಜನ್ ಕುರಿತ ಸಂದೇಶ ಬಂತೆಂದರೆ ಲೇಸರ್ ಚೆನ್ನಾಗಿದೆ ಎಂದೇ ಅರ್ಥ. ಓದದ ಡಿಸ್ಕಿನ ರೀಜನ್ ಯಾವುದೆಂದು ಕನ್ಸೋಲ್‌ಗೆ ಗೊತ್ತಾಗುವುದು ಹೇಗೆ? ಆ ಸಂದೇಶ ನೋಡಿ ಲೆನ್ಸ್ ಬದಲಿಸಲು ದುಡ್ಡು ಕೊಡಬೇಡಿ.

ಪ್ಲಗ್ ಹಾಕುವ ಮೊದಲು

ಕನ್ಸೋಲ್ ವಿದೇಶದಿಂದ ಬಂದದ್ದಾದರೆ ಡಿಸ್ಕಿನ ಚಿಂತೆ ಆಮೇಲೆ. ಹಿಂಬದಿ ಅಥವಾ ತಳದ ಲೇಬಲ್ ಓದಿ. ಹೊರಗೆ ಬೇರೆ ಅಡಾಪ್ಟರ್ ಇದ್ದರೆ ಅದರ ಲೇಬಲ್ಲನ್ನೂ ಓದಿ. 100–240 ವೋಲ್ಟ್ ಎಂದಿದ್ದರೆ ನಮ್ಮ 230 ವೋಲ್ಟ್‌ಗೆ ನೇರ ಹಾಕಬಹುದು, ಪಿನ್ನಿನ ಆಕಾರ ಹೊಂದಿಸಿದರೆ ಸಾಕು. 120 ವೋಲ್ಟ್ ಎಂದಷ್ಟೇ ಇದ್ದರೆ, ಅಥವಾ ಜಪಾನಿನ 100 ವೋಲ್ಟ್ ಇದ್ದರೆ ಹಾಕಲೇಬೇಡಿ. ಅಮೆರಿಕದ ದಪ್ಪ ಪಿಎಸ್2 ಈ ಗುಂಪಿನದು. ಎಕ್ಸ್‌ಬಾಕ್ಸ್ 360ರ ಜೊತೆ ಬರುವ ಇಟ್ಟಿಗೆಯಂಥ ಅಡಾಪ್ಟರ್ ಕೂಡ ಹಾಗೆಯೇ. ತಪ್ಪು ವೋಲ್ಟೇಜ್ ಕೊಟ್ಟರೆ ಒಂದೇ ಸದ್ದು, ಆಮೇಲೆ ಏನೂ ಇಲ್ಲ.

ಇಂಥ ಕನ್ಸೋಲ್‌ಗೆ ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಬೆಂಗಳೂರಿನಲ್ಲಿ ಎಸ್‌ಪಿ ರಸ್ತೆಯಲ್ಲಿ ಹುಡುಕಬಹುದು. ಕನ್ಸೋಲ್ ಎಳೆಯುವ ವ್ಯಾಟ್‌ನ ಎರಡರಷ್ಟು ಸಾಮರ್ಥ್ಯದ್ದನ್ನು ಕೊಳ್ಳಿ. ಮೊದಲ ತಲೆಮಾರಿನ ಎಕ್ಸ್‌ಬಾಕ್ಸ್ 360ರ ಅಡಾಪ್ಟರ್ 203 ವ್ಯಾಟ್‌ನದು, ಅದಕ್ಕೆ 500 ವ್ಯಾಟ್‌ನ ಟ್ರಾನ್ಸ್‌ಫಾರ್ಮರ್ ನಿರಾಳ. ಎತ್ತಿದರೆ ಭಾರ ಇರಬೇಕು. ಅಂಗೈಯಗಲದ ಹಗುರ 'ಟ್ರಾವೆಲ್ ಕನ್ವರ್ಟರ್' ಹೇರ್ ಡ್ರೈಯರ್‌ನಂಥ ಬಿಸಿ ಮಾಡುವ ಉಪಕರಣಕ್ಕೆ ಮಾತ್ರ.

ಖರ್ಚಿಲ್ಲದ ಪರೀಕ್ಷೆ, ಹತ್ತು ನಿಮಿಷ

ಡಿಸ್ಕಿನ ಡಬ್ಬಿ ಹಿಂಬದಿ ತಿರುಗಿಸಿ. ಚಿಕ್ಕ ಭೂಗೋಳದ ಚಿತ್ರ, ಅದರೊಳಗೆ ಒಂದು ಅಂಕಿ ಇರುತ್ತದೆ. 1 ಅಮೆರಿಕ, ಕೆನಡಾ. 2 ಪಶ್ಚಿಮ ಯುರೋಪ್, ಬ್ರಿಟನ್, ಜಪಾನ್, ದಕ್ಷಿಣ ಆಫ್ರಿಕಾ ಮತ್ತು ದುಬೈ ಸೇರಿದಂತೆ ಮಧ್ಯಪ್ರಾಚ್ಯ. 3 ಸಿಂಗಪುರ, ಮಲೇಷ್ಯಾ, ಹಾಂಗ್‌ಕಾಂಗ್, ತೈವಾನ್, ದಕ್ಷಿಣ ಕೊರಿಯಾ. 4 ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಲ್ಯಾಟಿನ್ ಅಮೆರಿಕ. 5 ಭಾರತ, ರಷ್ಯಾ, ಆಫ್ರಿಕಾದ ಬಹುಭಾಗ. 6 ಚೀನಾ. ಒಂದೇ ಡಿಸ್ಕಿಗೆ ಎರಡು ಅಂಕಿಯೂ ಇರಬಹುದು. ಬ್ರಿಟನ್ನಿನ ಎಷ್ಟೋ ಡಿಸ್ಕ್‌ಗಳ ಮೇಲೆ 2 ಮತ್ತು 4 ಜೊತೆಗಿರುತ್ತವೆ. 'ಆಲ್' ಅಥವಾ 0 ಎಂದಿದ್ದರೆ ರೀಜನ್ ತಡೆ ಇಲ್ಲ. ಅದೇ ಜಾಗದ ಆಸುಪಾಸಿನಲ್ಲಿ ಪಾಲ್ ಅಥವಾ ಎನ್‌ಟಿಎಸ್‌ಸಿ ಎಂದು ಸಣ್ಣಕ್ಷರದಲ್ಲಿ ಇರುತ್ತದೆ. ಅದನ್ನೂ ಬರೆದಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಅಂಕಿಯ ಬದಲು ಎ, ಬಿ, ಸಿ ಅಕ್ಷರ ಇದ್ದರೆ ನಿಮ್ಮ ಕೈಯಲ್ಲಿರುವುದು ಡಿವಿಡಿ ಅಲ್ಲ, ಬ್ಲೂ-ರೇ. ಅಲ್ಲಿ ಅಮೆರಿಕ, ಜಪಾನ್ ಎರಡೂ 'ಎ'. ಯುರೋಪ್, ಆಸ್ಟ್ರೇಲಿಯಾ 'ಬಿ'. ಭಾರತ, ಚೀನಾ, ರಷ್ಯಾ 'ಸಿ'. 4ಕೆ ಬ್ಲೂ-ರೇಗೆ ರೀಜನ್ ಕೋಡೇ ಇಲ್ಲ, ಆದರೆ ಅದನ್ನು ಪಿಎಸ್3, ಪಿಎಸ್4, ಪಿಎಸ್4 ಪ್ರೊ ಯಾವುದೂ ಓದುವುದಿಲ್ಲ.

ಈಗ ಕನ್ಸೋಲ್‌ನ ಲೇಬಲ್. ಪಿಎಸ್2ರಲ್ಲಿ ಎಸ್‌ಸಿಪಿಎಚ್ ಎಂದು ಶುರುವಾಗುವ ಮಾದರಿ ಸಂಖ್ಯೆಯ ಕೊನೆಯ ಅಂಕಿ ಅದರ ಊರು ಹೇಳುತ್ತದೆ: 50001ರ 1 ಅಮೆರಿಕ, 50000ದ 0 ಜಪಾನ್, 3 ಬ್ರಿಟನ್, 4 ಯುರೋಪಿನ ಉಳಿದ ಭಾಗ. ಈ ಅಂಕಿಯೂ ಡಿವಿಡಿ ರೀಜನ್ ಅಂಕಿಯೂ ಬೇರೆ ಬೇರೆ, ಕಲಸಿಕೊಳ್ಳಬೇಡಿ. 3 ಎಂದು ಮುಗಿಯುವ ಬ್ರಿಟನ್ ಪಿಎಸ್2ರ ಡಿವಿಡಿ ರೀಜನ್ 2. ಹಲವು ಮಾದರಿಗಳಲ್ಲಿ ಭೂಗೋಳದ ಗುರುತು ಲೇಬಲ್ ಮೇಲೆಯೇ ಇರುತ್ತದೆ, ಇದ್ದರೆ ಅದನ್ನೇ ನಂಬಿ. 'ಇಲ್ಲಿಯೇ ಕೊಂಡದ್ದು' ಎಂಬುದು ಪುರಾವೆಯಲ್ಲ. ದುಬೈ, ಸಿಂಗಪುರದ ದಾರಿಯಾಗಿ ಬಂದ ಕನ್ಸೋಲ್‌ಗಳು ನಮ್ಮ ಅಂಗಡಿಗಳಲ್ಲಿ ಬೇಕಾದಷ್ಟು ಮಾರಾಟವಾಗಿವೆ.

ಕೊನೆಗೆ ಅದಲು-ಬದಲು ಪರೀಕ್ಷೆ. ಮೂರು ಡಿಸ್ಕ್ ಬೇಕು: ಕನ್ಸೋಲ್‌ನ ರೀಜನ್‌ಗೇ ಸೇರಿದ ಸಿನಿಮಾ ಡಿವಿಡಿ, ಒಂದು ಗೇಮ್, ತಕರಾರಿನ ವಿದೇಶಿ ಡಿಸ್ಕ್. ಸ್ಥಳೀಯ ಸಿನಿಮಾ ಓಡಿ ವಿದೇಶಿಯದು ಓಡದಿದ್ದರೆ ರೀಜನ್, ಟಿವಿ ಪದ್ಧತಿ ಅಥವಾ ಆ ಡಿಸ್ಕೊಂದರ ದೋಷ. ಯಾವ ಸಿನಿಮಾ ಡಿವಿಡಿಯೂ ಓಡದಿದ್ದರೆ ಕನ್ಸೋಲ್ ಕಡೆ ನೋಡಿ. ವಿದೇಶಿ ಡಿಸ್ಕನ್ನು ಯಾವುದಾದರೂ ಕಂಪ್ಯೂಟರಿಗೂ ಹಾಕಿ. ಅಲ್ಲಿ ವಿಡಿಯೊ_ಟಿಎಸ್ ಎಂಬ ಫೋಲ್ಡರ್ ಕಂಡರೆ ಡಿಸ್ಕಿಗೆ ಜೀವ ಇದೆ.

ಲಕ್ಷಣ: ರೀಜನ್ ಸರಿಯಿಲ್ಲ ಎಂಬ ಸಂದೇಶ

ಇದು ಕೆಟ್ಟದ್ದಲ್ಲ, ಬೇಲಿ. ಕಾರ್ಖಾನೆಯಲ್ಲಿ ಹಾಕಿದ ಅಂಕಿ ಡಿಸ್ಕಿನ ಅಂಕಿಗೆ ಹೊಂದಲಿಲ್ಲ, ಅಷ್ಟೆ. ಸಿನಿಮಾ ಒಂದು ದೇಶದ ಥಿಯೇಟರಿಗೆ ಬರುವ ಮೊದಲೇ ಇನ್ನೊಂದು ದೇಶದ ಡಿವಿಡಿ ಅಲ್ಲಿ ಮಾರಾಟವಾಗಬಾರದು ಎಂಬ ಲೆಕ್ಕಾಚಾರಕ್ಕೆ ಹುಟ್ಟಿದ ವ್ಯವಸ್ಥೆ ಇದು. ಈಗ ಆ ಸಿನಿಮಾ ಹಳೆಯದಾಗಿ ಇಪ್ಪತ್ತು ವರ್ಷವಾದರೂ ಬೇಲಿ ಹಾಗೇ ನಿಂತಿದೆ.

ಕಂಪ್ಯೂಟರಿನ ಡಿವಿಡಿ ಡ್ರೈವ್‌ನಲ್ಲಿ ರೀಜನ್ ಬದಲಿಸಲು ಕೆಲವು ಅವಕಾಶ ಇರುತ್ತದೆ. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ಗಳಲ್ಲಿ ಬಳಕೆದಾರರಿಗೆ ಅಂಥ ಸೆಟ್ಟಿಂಗ್ ಕೊಟ್ಟೇ ಇಲ್ಲ. ಆದ್ದರಿಂದ ಮಾಡಿ ಪ್ರಯೋಜನವಿಲ್ಲದವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಖಾತೆಯ ದೇಶ ಬದಲಿಸಿದರೆ ಅಂಗಡಿಯ ಪುಟ ಬದಲಾಗುತ್ತದೆ, ಡಿಸ್ಕಿನ ರೀಜನ್ ಅಲ್ಲ. ಭಾಷೆ ಬದಲಿಸುವುದು, ಸಾಫ್ಟ್‌ವೇರ್ ಅಪ್‌ಡೇಟ್, ಫ್ಯಾಕ್ಟರಿ ರೀಸೆಟ್, ಹಾರ್ಡ್ ಡಿಸ್ಕ್ ಬದಲಾವಣೆ, ಯಾವುದಕ್ಕೂ ಅದು ಜಗ್ಗುವುದಿಲ್ಲ. ರೀಸೆಟ್ ಮಾಡಿ ಸೇವ್ ಮಾಡಿಟ್ಟ ಆಟಗಳನ್ನು ಕಳೆದುಕೊಳ್ಳುವುದೊಂದೇ ಲಾಭ.

ಪಿಎಸ್3ರಲ್ಲಿ ಒಂದು ಬಲೆ ಇದೆ. ಸೆಕ್ಯುರಿಟಿ ಸೆಟ್ಟಿಂಗ್ಸ್ ಒಳಗೆ 'ಪೇರೆಂಟಲ್ ಕಂಟ್ರೋಲ್ ರೀಜನ್ ಕೋಡ್' ಎಂಬ ಸಾಲು ಕಾಣುತ್ತದೆ. ಸಿಕ್ಕಿತು ಎಂದು ಹಿಗ್ಗಬೇಡಿ. ಮಕ್ಕಳಿಗೆ ಯಾವ ಚಿತ್ರ ತೋರಿಸಬಹುದು ಎನ್ನುವುದಕ್ಕೆ ಯಾವ ದೇಶದ ನಿಯಮ ಹಿಡಿಯಬೇಕು ಎಂದು ಹೇಳುವ ಸಾಲು ಅದು. ಡಿಸ್ಕಿನ ರೀಜನ್‌ಗೂ ಅದಕ್ಕೂ ಸಂಬಂಧವಿಲ್ಲ.

ಇನ್ನೊಂದು ಗೊಂದಲ: 'ಜಪಾನಿನ ಗೇಮ್ ಓಡುತ್ತದೆ, ಜಪಾನಿನ ಡಿವಿಡಿ ಯಾಕೆ ಓಡುವುದಿಲ್ಲ?' ಪಿಎಸ್3ರಿಂದ ಈಚೆಗೆ ಪ್ಲೇಸ್ಟೇಷನ್ ಗೇಮ್‌ಗಳಿಗೆ, ತೀರ ಅಪರೂಪದ ಒಂದೆರಡನ್ನು ಬಿಟ್ಟರೆ, ರೀಜನ್ ತಡೆ ಇಲ್ಲ. ಸಿನಿಮಾ ಡಿಸ್ಕಿನ ತಡೆ ಬೇರೆಯೇ ಒಪ್ಪಂದದ್ದು, ಅದು ಉಳಿದುಕೊಂಡಿದೆ. ಪಿಎಸ್2ರಲ್ಲಾದರೆ ಗೇಮ್‌ಗೂ ತಡೆ ಇದೆ, ಸಿನಿಮಾಗೂ ಇದೆ.

ಡಬ್ಬಿಯ ಅಂಕಿ ಹೊಂದುತ್ತದೆ, ಆದರೂ ಸಂದೇಶ ಬರುತ್ತದೆ ಎಂದರೆ ಡಬ್ಬಿ ಒಂದು, ಒಳಗಿನ ಡಿಸ್ಕ್ ಇನ್ನೊಂದು ಆಗಿರಬಹುದು. ಸೆಕೆಂಡ್ ಹ್ಯಾಂಡ್ ಡಿಸ್ಕ್‌ಗಳಲ್ಲಿ ಇದು ಮಾಮೂಲು. ಡಿಸ್ಕಿನ ಮುಖದ ಮೇಲಿನ ಮುದ್ರಣ ಓದಿ. ಅದೂ ಸರಿಯಿದ್ದರೆ ನಿಮ್ಮ ಕನ್ಸೋಲ್‌ನ ರೀಜನ್ ನೀವೆಣಿಸಿದ್ದಲ್ಲ. ಎರಡರಲ್ಲೂ ರಿಪೇರಿಗೆ ಕೆಲಸವಿಲ್ಲ. ನೇರ ಕೊನೆಯ ಭಾಗದ ದಾರಿಗಳಿಗೆ ಹೋಗಿ.

ಲಕ್ಷಣ: ರೀಜನ್ 'ಆಲ್', ಆದರೂ ವಿಡಿಯೊ ಮಾದರಿ ಒಪ್ಪುವುದಿಲ್ಲ ಎನ್ನುತ್ತದೆ

ಊರಿನಿಂದ ಡಿವಿಡಿ ಒಯ್ದ ಅಮೆರಿಕನ್ನಡಿಗರಿಗೆ ಹೆಚ್ಚು ಕಾಟ ಕೊಡುವುದು ಇದೇ. ರೀಜನ್ ದಾಟಿತು, ಟಿವಿ ಪದ್ಧತಿಯಲ್ಲಿ ಸಿಕ್ಕಿಬಿತ್ತು.

ಭಾರತ, ಯುರೋಪ್, ಆಸ್ಟ್ರೇಲಿಯಾದ್ದು ಪಾಲ್: 720×576 ಚುಕ್ಕೆ, ಸೆಕೆಂಡಿಗೆ 25 ಚೌಕಟ್ಟು. ಅಮೆರಿಕ, ಜಪಾನಿನದು ಎನ್‌ಟಿಎಸ್‌ಸಿ: 720×480 ಚುಕ್ಕೆ, ಸೆಕೆಂಡಿಗೆ 29.97. ಪಾಲ್ ದೇಶಗಳಿಗೆ ತಯಾರಾದ ಕನ್ಸೋಲ್‌ಗಳು ಸಾಮಾನ್ಯವಾಗಿ ಎರಡನ್ನೂ ನುಂಗುತ್ತವೆ. ಅಮೆರಿಕದ್ದು ಹಾಗಲ್ಲ. ಅಮೆರಿಕದ ಪಿಎಸ್3 ಪಾಲ್ ಡಿವಿಡಿಯನ್ನು ಖಡಾಖಂಡಿತವಾಗಿ ತಿರಸ್ಕರಿಸುತ್ತದೆ, ಡಿಸ್ಕ್ ಎಲ್ಲ ರೀಜನ್‌ಗೆ ತೆರೆದಿದ್ದರೂ. ಹೊಸ ಎಚ್‌ಡಿಎಂಐ ಟಿವಿ ಕೊಂಡರೆ ಸರಿಹೋದೀತು ಎಂದುಕೊಳ್ಳಬೇಡಿ. ತಿರಸ್ಕಾರ ಆಗುವುದು ಕನ್ಸೋಲ್ ಒಳಗೆ, ಟಿವಿಯವರೆಗೆ ಮಾತು ಹೋಗುವುದೇ ಇಲ್ಲ.

ಹಾಗಾಗಿ ವಿದೇಶದಲ್ಲಿರುವ ನೆಂಟರಿಗೆ ಭಾರತೀಯ ಚಿತ್ರದ ಡಿವಿಡಿ ಕಳಿಸುವವರು ರೀಜನ್ ಒಂದನ್ನೇ ನೋಡಬಾರದು. ಹೊರದೇಶದ ಮಾರುಕಟ್ಟೆಗೆಂದು ತಂದ ಅನೇಕ ಭಾರತೀಯ ಡಿವಿಡಿಗಳ ಮೇಲೆ 'ಎನ್‌ಟಿಎಸ್‌ಸಿ, ಆಲ್ ರೀಜನ್' ಎಂದಿರುತ್ತದೆ. ಅದು ಅಮೆರಿಕದಲ್ಲೂ ಓಡುತ್ತದೆ, ಇಲ್ಲೂ ಓಡುತ್ತದೆ.

ಸಿನಿಮಾ ಓಡುತ್ತಿದೆ, ಆದರೆ ಡಬ್ಬಿಯ ಮೇಲಿನ ಅವಧಿಗಿಂತ ಬೇಗ ಮುಗಿಯುತ್ತದೆ, ಧ್ವನಿ ಒಂದು ಚೂರು ಕೀಚಲು ಎನ್ನಿಸಿದರೆ ಅದು ದೋಷವಲ್ಲ. ಸೆಕೆಂಡಿಗೆ 24 ಚೌಕಟ್ಟಿನ ಚಿತ್ರವನ್ನು ಪಾಲ್‌ಗೆ ತರುವಾಗ 25ಕ್ಕೆ ಓಡಿಸುತ್ತಾರೆ; 120 ನಿಮಿಷದ ಚಿತ್ರ 115 ನಿಮಿಷಕ್ಕೆ ಮುಗಿಯುತ್ತದೆ.

ಲಕ್ಷಣ: ಚಿತ್ರ ಬರುತ್ತದೆ, ಆದರೆ ಬಣ್ಣ ಅಥವಾ ಬೆಳಕು ವಿಚಿತ್ರ

ಕಪ್ಪುಬಿಳುಪು ಚಿತ್ರ, ಅಥವಾ ಮೇಲಿಂದ ಕೆಳಕ್ಕೆ ಉರುಳುವ ಚಿತ್ರ: ಹಳದಿ ಪಿನ್ನಿನ ಎವಿ ಕೇಬಲ್‌ನಲ್ಲಿ ಎನ್‌ಟಿಎಸ್‌ಸಿ ಸಂಕೇತ ಹೋಗುತ್ತಿದೆ, ಟಿವಿ ಪಾಲ್ ಎಂದುಕೊಂಡಿದೆ. ಟಿವಿ ಮೆನುವಿನಲ್ಲಿ 'ಕಲರ್ ಸಿಸ್ಟಮ್' ಹುಡುಕಿ 'ಆಟೊ' ಅಥವಾ 'ಎನ್‌ಟಿಎಸ್‌ಸಿ 3.58' ಮಾಡಿ. ಪಾಲ್ ಮಾತ್ರ ತಿಳಿದ ಹಳೆಯ ಟಿವಿಯಾದರೆ ಕಾಂಪೊನೆಂಟ್ ಕೇಬಲ್ (ಚಿತ್ರಕ್ಕೆ ಹಸಿರು, ನೀಲಿ, ಕೆಂಪು ಮೂರು ಪಿನ್ನಿನದು) ಹಾಕಬಹುದಾದ ಬೇರೆ ಟಿವಿಯೇ ದಾರಿ. ಉರುಳುವ ಚಿತ್ರ ಗಂಟೆಗಟ್ಟಲೆ ಬಿಟ್ಟರೆ ಪ್ರಯೋಜನವಿಲ್ಲ, ಆರಿಸಿ.

ಚಿತ್ರವೆಲ್ಲ ಹಸಿರು: ಪಿಎಸ್2ರಲ್ಲಿ ಗೇಮ್ ಸರಿಯಾದ ಬಣ್ಣದಲ್ಲಿ ಬಂದು ಸಿನಿಮಾ ಮಾತ್ರ ಹಸಿರಾದರೆ ನೀವು ಬಳಸುತ್ತಿರುವುದು ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಬೇರೆ ಬೇರೆಯಾಗಿ ಒಯ್ಯುವ ಆರ್‌ಜಿಬಿ ಕೇಬಲ್, ಬಹುಶಃ ಯುರೋಪಿನ ಸ್ಕಾರ್ಟ್ ಎಂಬ ಅಗಲ ಪ್ಲಗ್ಗಿನದು. ಡಿವಿಡಿ ಸಿನಿಮಾ ಆರ್‌ಜಿಬಿಯಲ್ಲಿ ಹೊರಹೋಗದಂತೆ ಸೋನಿ ತಡೆ ಇಟ್ಟಿದೆ. ಸಿನಿಮಾಗೆ ಮಾಮೂಲು ಎವಿ ಕೇಬಲ್ ಹಾಕಿ. ಕಾಂಪೊನೆಂಟ್ ಕೇಬಲ್‌ನಲ್ಲಿ ಗೇಮ್ ಸಹ ಹಸಿರಾದರೆ ಸಿಸ್ಟಮ್ ಕಾನ್ಫಿಗರೇಶನ್ ಒಳಗೆ 'ಕಾಂಪೊನೆಂಟ್ ವಿಡಿಯೊ ಔಟ್' ಸಾಲನ್ನು ಆರ್‌ಜಿಬಿಯಿಂದ ವೈ-ಸಿಬಿ-ಸಿಆರ್ ಕಡೆಗೆ ತಿರುಗಿಸಿ.

ಚಿತ್ರ ಒಮ್ಮೆ ಬೆಳ್ಳಗೆ, ಒಮ್ಮೆ ಕತ್ತಲೆ: ಕನ್ಸೋಲ್ ಮತ್ತು ಟಿವಿ ನಡುವೆ ವಿಸಿಆರ್ ಅಥವಾ ರೆಕಾರ್ಡರ್ ಇದೆಯೇ ನೋಡಿ. ನಕಲು ತಡೆಯುವ ಮ್ಯಾಕ್ರೊವಿಷನ್ ಸಂಕೇತ ಅದನ್ನು ಹಾಗೆ ಕುಣಿಸುತ್ತದೆ. ಕೇಬಲ್ ನೇರ ಟಿವಿಗೆ ಹಾಕಿದರೆ ಮುಗಿಯಿತು.

ಲಕ್ಷಣ: ಮೆನು ಕಾಣುತ್ತದೆ, ಸಿನಿಮಾ ಶುರುವಾದಾಗ ಪರದೆ ಕಪ್ಪು

ಎಚ್‌ಡಿಎಂಐ ದಾರಿಯಲ್ಲಿ ಕ್ಯಾಪ್ಚರ್ ಕಾರ್ಡ್, ಸ್ಪ್ಲಿಟರ್, ಹಳೆಯ ಪ್ರೊಜೆಕ್ಟರ್ ಇದ್ದರೆ ತೆಗೆದು ನೇರ ಜೋಡಿಸಿ. ಸಿನಿಮಾ ಹೊರಗೆ ಹೋಗುವಾಗ ಎಚ್‌ಡಿಸಿಪಿ ಎಂಬ ಗುರುತು ಪರೀಕ್ಷೆ ನಡೆಯುತ್ತದೆ. ನಡುವಿನ ಉಪಕರಣ ಅದಕ್ಕೆ ಉತ್ತರ ಕೊಡದಿದ್ದರೆ ಕತ್ತಲೆ. ಪಿಎಸ್4ರಲ್ಲಿ ಆಟ ರೆಕಾರ್ಡ್ ಮಾಡಲು ಯಾರಾದರೂ ಎಚ್‌ಡಿಸಿಪಿಯನ್ನು ಆರಿಸಿಟ್ಟಿದ್ದರೆ ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ಮತ್ತೆ ಚಾಲೂ ಮಾಡಿ.

ಲಕ್ಷಣ: ಪಾಸ್‌ವರ್ಡ್ ಕೇಳುತ್ತದೆ

ರೀಜನ್ ಅಲ್ಲ, ಮಕ್ಕಳ ಕಾವಲು. ಪಿಎಸ್3ರ ಮೂಲ ಪಾಸ್‌ವರ್ಡ್ 0000. ಹಿಂದಿನ ಮಾಲೀಕರು ಬದಲಿಸಿದ್ದರೆ ಸೆಟ್ಟಿಂಗ್ಸ್ ಮರುಸ್ಥಾಪನೆ ಬೇಕಾದೀತು.

ಲಕ್ಷಣ: ಚಿತ್ರ ಇದೆ, ಧ್ವನಿ ಇಲ್ಲ

ಡಿಸ್ಕಿನ ಮೆನುವಿನಲ್ಲಿ ಡಿಟಿಎಸ್ ಧ್ವನಿ ಆರಿಸಿರಬಹುದು. ಪಿಎಸ್2 ಡಿಟಿಎಸ್ ಅನ್ನು ತಾನೇ ಬಿಡಿಸುವುದಿಲ್ಲ, ಆಪ್ಟಿಕಲ್ ತಂತಿಯಲ್ಲಿ ಆಂಪ್ಲಿಫೈಯರ್‌ಗೆ ದಾಟಿಸುತ್ತದೆ ಅಷ್ಟೆ. ಡಾಲ್ಬಿ ಡಿಜಿಟಲ್ ಆರಿಸಿ.

ಲಕ್ಷಣ: ಡಿಸ್ಕ್ ಹಾಕಿದರೂ ಏನೂ ಕಾಣುವುದಿಲ್ಲ, ಅಥವಾ ಓದಲಾಗುತ್ತಿಲ್ಲ ಎನ್ನುತ್ತದೆ

ಇಲ್ಲಿ ರೀಜನ್ ಮಾತೇ ಬೇಡ, ಯಂತ್ರ ಅಲ್ಲಿಯವರೆಗೆ ತಲುಪಿಲ್ಲ. ಅಗ್ಗದ ಕಾರಣಗಳಿಂದ ಹೊರಡಿ.

ಕನ್ಸೋಲ್‌ಗೆ ಸಿನಿಮಾ ಡಿವಿಡಿ ಗೊತ್ತೇ? ನಿಂಟೆಂಡೊ ವೀ ಮತ್ತು ವೀ ಯು ಡಿಸ್ಕನ್ನು ಒಳಗೆ ಎಳೆದುಕೊಳ್ಳುತ್ತವೆ, ಸಿನಿಮಾ ತೋರಿಸುವುದಿಲ್ಲ. ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ಗೆ ಡಿಸ್ಕ್ ಬಾಯಿಯೇ ಇಲ್ಲ. 2001ರ ಮೊದಲ ಎಕ್ಸ್‌ಬಾಕ್ಸ್‌ಗೆ ಸಿನಿಮಾ ನೋಡಲು ಪ್ರತ್ಯೇಕವಾಗಿ ಮಾರುತ್ತಿದ್ದ ರಿಮೋಟ್ ಕಿಟ್ ಬೇಕು. ಎಕ್ಸ್‌ಬಾಕ್ಸ್ ಒನ್ ಮತ್ತು ಸೀರೀಸ್ ಎಕ್ಸ್‌ನಲ್ಲಿ 'ಬ್ಲೂ-ರೇ ಪ್ಲೇಯರ್' ಎಂಬ ಉಚಿತ ಆ್ಯಪ್ ಇಳಿಸಿಕೊಳ್ಳಬೇಕು. ಹೆಸರು ಬ್ಲೂ-ರೇ ಆದರೂ ಡಿವಿಡಿಗೂ ಅದೇ. ಪಿಎಸ್4 ಮೊದಲ ಸಲ ಸಿನಿಮಾ ಡಿಸ್ಕ್ ಓಡಿಸುವ ಮುನ್ನ ಒಮ್ಮೆ ಇಂಟರ್ನೆಟ್ ಕೇಳುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ಸಾಕು.

ಅದು ನಿಜಕ್ಕೂ ಡಿವಿಡಿಯೇ? ಒಂದು ಕಾಲದಲ್ಲಿ ಕನ್ನಡ ಚಿತ್ರಗಳು ಹೇರಳವಾಗಿ ವಿಸಿಡಿಯಲ್ಲಿ ಬಂದವು. ನೋಡಲು ಒಂದೇ ಥರ. ಒಂದು ಚಿತ್ರಕ್ಕೆ ಎರಡೋ ಮೂರೋ ಡಿಸ್ಕ್ ಇದ್ದರೆ ವಿಸಿಡಿ ಎಂದು ಅನುಮಾನಿಸಿ. ವಿಸಿಡಿಗೆ ರೀಜನ್ ಕೋಡ್ ಇಲ್ಲ, ಆದರೆ ಪಿಎಸ್2ರ ಡಿವಿಡಿ ಪ್ಲೇಯರ್ ಅದನ್ನು ಓಡಿಸುವುದಿಲ್ಲ. ಪಿಎಸ್4, ಪಿಎಸ್5 ಯಾವ ಸಿಡಿಯನ್ನೂ ಓದುವುದಿಲ್ಲ. ಮನೆಯಲ್ಲಿ ಬರೆದ ಮದುವೆ ಡಿವಿಡಿಯಾದರೆ ಬರೆದ ಯಂತ್ರದಲ್ಲೇ 'ಫೈನಲೈಸ್' ಮಾಡಿರಬೇಕು, ಅಂದರೆ ಬೇರೆ ಯಂತ್ರಗಳೂ ಓದುವಂತೆ ಬರವಣಿಗೆಯನ್ನು ಮುಗಿಸಿ ಮುಚ್ಚಿರಬೇಕು.

ಇನ್ನು ಡಿಸ್ಕಿನ ಆರೋಗ್ಯ. ಡಿವಿಡಿ ಎಂದರೆ 0.6 ಮಿ.ಮೀ. ದಪ್ಪದ ಎರಡು ಹಾಳೆ ಅಂಟಿಸಿದ 1.2 ಮಿ.ಮೀ. ತಟ್ಟೆ, ಮಾಹಿತಿ ಇರುವುದು ನಡುವೆ. ಬೆಳಕಿಗೆ ಹಿಡಿದಾಗ ಸೂಜಿ ಮೊನೆಯಷ್ಟು ತೂತುಗಳು, ಅಂಚಿನಿಂದ ಒಳಕ್ಕೆ ಹಬ್ಬಿದ ಕಂದು ಛಾಯೆ ಕಂಡರೆ ಒಳಪದರ ಹಾಳಾಗಿದೆ, ಒರೆಸಿ ಪ್ರಯೋಜನವಿಲ್ಲ. ಮಲೆನಾಡು, ಕರಾವಳಿಯ ಮಳೆಗಾಲ ಕಂಡ ಡಿಸ್ಕ್‌ಗಳ ಮೇಲೆ ಬೂಷ್ಟು ಜೇಡರ ಬಲೆಯಂತೆ ಹರಡಿರುತ್ತದೆ. ಅದು ಹೊರಗಿನದಾದರೆ ಹೋಗುತ್ತದೆ. ಐಸೊಪ್ರೊಪಿಲ್ ಆಲ್ಕೊಹಾಲ್ ಒಂದೆರಡು ಹನಿ ಮೈಕ್ರೊಫೈಬರ್ ಬಟ್ಟೆಗೆ ಹಾಕಿ, ನಡುವಿನಿಂದ ಅಂಚಿಗೆ ನೇರ ಗೆರೆಯಲ್ಲಿ ಒರೆಸಿ. ಸುತ್ತು ಸುತ್ತಾಗಿ ಬೇಡ: ಸುತ್ತಿನ ಗೀರು ಮಾಹಿತಿಯ ಸಾಲಿನುದ್ದಕ್ಕೂ ಬೀಳುತ್ತದೆ, ದೋಷ ಸರಿಪಡಿಸುವ ಲೆಕ್ಕಕ್ಕೆ ಸಿಗುವುದಿಲ್ಲ. ನೇಲ್ ಪಾಲಿಶ್ ರಿಮೂವರ್, ಥಿನ್ನರ್ ಪ್ಲಾಸ್ಟಿಕ್ಕನ್ನು ಮಂಜಾಗಿಸುತ್ತವೆ. ಟೂತ್‌ಪೇಸ್ಟಿನ ಉಪಾಯ ಕೊನೆಯ ಪಾಲಿಗೆ, ಕಳೆದುಕೊಳ್ಳಲು ತಯಾರಿರುವ ಡಿಸ್ಕಿಗೆ ಮಾತ್ರ.

ನಡುವಿನ ತೂತಿನ ಸುತ್ತ ಬಿರುಕಿದ್ದರೆ ಯಾವ ಡ್ರೈವ್‌ಗೂ ಹಾಕಬೇಡಿ. ವೇಗದಲ್ಲಿ ಸುತ್ತುವಾಗ ಒಡೆದು ಚೂರು ಒಳಗೆ ಹರಡುತ್ತವೆ. ಬಾಯಿಯೊಳಗೆ ಎಳೆದುಕೊಳ್ಳುವ ಪಿಎಸ್3, ಪಿಎಸ್4ಕ್ಕೆ 8 ಸೆಂ.ಮೀ.ನ ಪುಟಾಣಿ ಡಿಸ್ಕ್, ಸ್ಟಿಕರ್ ಅಂಟಿಸಿದ ಡಿಸ್ಕ್ ಹಾಕಬೇಡಿ. ಸಿಕ್ಕಿಕೊಂಡರೆ ಬಿಚ್ಚದೆ ಬರುವುದಿಲ್ಲ. ತಣ್ಣನೆಯ ಎಸಿ ಕೋಣೆಯಿಂದ ಸೆಕೆಯ ಕೋಣೆಗೆ ತಂದ ಕನ್ಸೋಲ್ ಅನ್ನು ಎರಡು ಗಂಟೆ ಆರಿಸಿಯೇ ಇಡಿ, ಲೆನ್ಸ್ ಮೇಲೆ ಕೂತ ತೇವ ತಾನಾಗಿ ಆರುತ್ತದೆ.

ಡಿಸ್ಕ್ ಚೆನ್ನಾಗಿದ್ದೂ ಓದದಿದ್ದರೆ ಸರದಿ ಲೇಸರಿನದು. ಸಿಡಿಗೆ 780, ಡಿವಿಡಿಗೆ 650, ಬ್ಲೂ-ರೇಗೆ 405 ನ್ಯಾನೊಮೀಟರ್ ಬೆಳಕು ಬೇಕು. ಒಂದೇ ಡ್ರೈವ್ ಒಳಗೆ ಬೇರೆ ಬೇರೆ ಬೆಳಕಿನ ಮೂಲಗಳಿರುತ್ತವೆ. ಆದ್ದರಿಂದ ಪಿಎಸ್3ರಲ್ಲಿ ಬ್ಲೂ-ರೇ ಗೇಮ್‌ಗಳೆಲ್ಲ ಓಡಿ ಒಂದೂ ಡಿವಿಡಿ ಓಡದಿದ್ದರೆ ಡ್ರೈವ್ ಚೆನ್ನಾಗಿದೆ ಎಂದು ತಿಳಿಯಬೇಡಿ, ಕೆಂಪು ಲೇಸರ್ ಸೋತಿರಬಹುದು. ಪಿಎಸ್2ರಲ್ಲಿ ತಳ ನೀಲಿ ಇರುವ ಗೇಮ್ ಸಿಡಿ, ಬೆಳ್ಳಿ ಬಣ್ಣದ್ದು ಡಿವಿಡಿ. ನೀಲಿಯದು ಓಡಿ ಬೆಳ್ಳಿಯದು ಓಡದಿದ್ದರೂ ಅದೇ ತೀರ್ಮಾನ.

ಲಕ್ಷಣ: ಸಿನಿಮಾ ಒಂದೇ ಜಾಗದಲ್ಲಿ ನಿಲ್ಲುತ್ತದೆ

ಪ್ರತಿ ಸಲವೂ ಅರ್ಧ ದಾಟುವ ಹೊತ್ತಿಗೆ ಎಲ್ಲ ದೊಡ್ಡ ಚಿತ್ರಗಳೂ ನಿಲ್ಲುತ್ತವೆಯೇ? ಒಂದು ಪದರದ ಡಿವಿಡಿ 4.7 ಜಿಬಿ, ಎರಡು ಪದರದ್ದು 8.5 ಜಿಬಿ. ಮೊದಲ ಪದರ ಮುಗಿಸಿ ಎರಡನೆಯದಕ್ಕೆ ಹಾರುವಾಗ ಒಂದು ಕ್ಷಣದ ತಡೆ ಸಹಜ. ಅಲ್ಲೇ ಕೂತುಬಿಟ್ಟರೆ ಲೆನ್ಸ್ ಕೊಳೆಯಾಗಿದೆ ಅಥವಾ ಲೇಸರ್ ದುರ್ಬಲ. ಒಂದೇ ಡಿಸ್ಕ್ ಮಾತ್ರ ನಿಂತರೆ ತಪ್ಪು ಆ ಡಿಸ್ಕಿನದು. ಮುಂದಿನ ಅಧ್ಯಾಯಕ್ಕೆ ಹಾರಿ ನೋಡಿ.

ಡಿಸ್ಕ್ ತಿರುಗುವಾಗ ಕನ್ಸೋಲ್ ಅಲುಗಿಸಬೇಡಿ. ಎಕ್ಸ್‌ಬಾಕ್ಸ್ 360 ನಿಲ್ಲಿಸಿದ್ದನ್ನು ಮಲಗಿಸಲು ಹೋದರೆ ಬಳೆಯಂಥ ಗೀರು ಬಿದ್ದು ಡಿಸ್ಕ್ ಹೋಗುತ್ತದೆ. ತಳದಲ್ಲಿ ಪೂರ್ತಿ ವೃತ್ತಾಕಾರದ ಗೀರು ಕಂಡರೆ ಕಾರಣ ಅದೇ, ಬೇರೆ ಡಿಸ್ಕ್ ಹಾಕುವ ಮುನ್ನ ಡ್ರೈವ್ ತೋರಿಸಿ.

ಬೇಲಿ ದಾಟದೆ ಸಿನಿಮಾ ನೋಡುವ ದಾರಿಗಳು

ಅಗ್ಗದ್ದು ಕಂಪ್ಯೂಟರ್. ಯುಎಸ್‌ಬಿ ಡಿವಿಡಿ ಡ್ರೈವ್ ಒಂದನ್ನು ಆ ವಿದೇಶಿ ರೀಜನ್‌ಗೆಂದೇ ಮೀಸಲಿಡಿ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಡ್ರೈವ್‌ನ ಪ್ರಾಪರ್ಟೀಸ್ ತೆರೆದರೆ 'ಡಿವಿಡಿ ರೀಜನ್' ಎಂಬ ಪುಟ ಇದೆ. ಬದಲಿಸಲು ಒಟ್ಟು 5 ಅವಕಾಶ, ಕೊನೆಯದು ಶಾಶ್ವತ. ಎಣಿಕೆ ಡ್ರೈವ್ ಒಳಗೇ ಇರುತ್ತದೆ, ಆದ್ದರಿಂದ ವಿಂಡೋಸ್ ಹೊಸದಾಗಿ ಹಾಕಿದರೂ ಮರಳಿ ಸಿಗುವುದಿಲ್ಲ. ಮೋಜಿಗೆ ಒತ್ತಬೇಡಿ. ಲ್ಯಾಪ್‌ಟಾಪಿನಿಂದ ಎಚ್‌ಡಿಎಂಐ ತಂತಿ ಟಿವಿಗೆ ಹಾಕಿದರೆ ಪಾಲ್-ಎನ್‌ಟಿಎಸ್‌ಸಿ ಗಲಾಟೆಯೂ ತೀರಿತು.

ಡಿಸ್ಕ್‌ಗಳ ರಾಶಿಯೇ ಇದ್ದರೆ ಎಲ್ಲ ರೀಜನ್ ಓಡಿಸುವ ಪ್ರತ್ಯೇಕ ಡಿವಿಡಿ ಪ್ಲೇಯರ್ ಲೇಸು. ಕೊಳ್ಳುವಾಗ ಎರಡು ಪ್ರಶ್ನೆ ಕೇಳಿ: ಎಲ್ಲ ರೀಜನ್ ಓಡುತ್ತದೆಯೇ, ಪಾಲ್ ಮತ್ತು ಎನ್‌ಟಿಎಸ್‌ಸಿ ಪರಸ್ಪರ ಬದಲಿಸುತ್ತದೆಯೇ. ಅಮೆರಿಕದಲ್ಲಿರುವವರಿಗೆ ಎರಡನೆಯದೇ ಮುಖ್ಯ. ಅಮೆರಿಕದ ಕೆಲವು ಡಿಸ್ಕ್ ಇಂಥ ಪ್ಲೇಯರ್‌ನಲ್ಲೂ ಭೂಪಟ ತೋರಿಸಿ ನಿಂತುಬಿಡುತ್ತವೆ. 2000ದಿಂದ ಈಚೆಗೆ ಕೆಲವು ಸ್ಟುಡಿಯೊಗಳು ಸೇರಿಸಿದ ಹೆಚ್ಚುವರಿ ಪರೀಕ್ಷೆ ಅದು. ಪ್ಲೇಯರ್‌ನ ರೀಜನ್ 0ಯಲ್ಲಿ ಬಿಡದೆ ಕೈಯಾರೆ 1ಕ್ಕೆ ಇಟ್ಟರೆ ಓಡುತ್ತದೆ.

ಕನ್ಸೋಲ್‌ಗೆ ಮಾಡ್ ಚಿಪ್ (ಕಾರ್ಖಾನೆಯ ತಡೆ ದಾಟಿಸುವ ಹೆಚ್ಚುವರಿ ಚಿಪ್) ಬೆಸುಗೆ ಹಾಕಿಸುವ ಸಲಹೆಯೂ ಬರುತ್ತದೆ. ಒಂದು ಸಿನಿಮಾಗೋಸ್ಕರ ಅದು ಬೇಡ. ಕೂದಲಿನಂಥ ತಂತಿಗಳ ಬೆಸುಗೆಯಲ್ಲಿ ಬೋರ್ಡ್ ಸುಟ್ಟುಕೊಂಡವರು ಕಡಿಮೆಯಿಲ್ಲ, ವಾರಂಟಿ ಅಲ್ಲಿಗೆ ಮುಗಿಯಿತು, ಜೊತೆಗೆ ಕಾನೂನಿನ ತೊಡಕು. ಭಾರತದ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮು, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ತಡೆ ಮುರಿದರೆ 2 ವರ್ಷದವರೆಗೆ ಸೆರೆ ಮತ್ತು ದಂಡ ಎನ್ನುತ್ತದೆ.

ಎಲ್ಲಿ ಕೈ ಬಿಡಬೇಕು

ಸ್ಕ್ರೂ ಬಿಚ್ಚುವುದು ನಿಮ್ಮ ಕೆಲಸದ ಅಂಚು. ಕರೆಂಟಿನ ಭಾಗ ಕನ್ಸೋಲ್ ಒಳಗೇ ಇರುವ ಮಾದರಿಗಳಲ್ಲಿ 230 ವೋಲ್ಟ್ ನೇರವಾಗಿ ಸುಮಾರು 325 ವೋಲ್ಟ್ ಡಿಸಿ ಆಗಿ ಕೆಪಾಸಿಟರ್‌ನಲ್ಲಿ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು. ಮುಚ್ಚಳ ತೆಗೆದು ಡ್ರೈವ್ ಓಡಿಸಿ ಲೇಸರ್ ಹೊಳೆಯುತ್ತದೆಯೇ ಎಂದು ಇಣುಕಿ ನೋಡಬೇಡಿ. ಸಿಡಿ ಓದುವ ಕಿರಣ ಕಣ್ಣಿಗೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ, ಕಣ್ಣನ್ನು ಮಾತ್ರ ಸುಡುತ್ತದೆ. ಪಿಎಸ್2ರ ಲೇಸರ್ ಪಕ್ಕದ ಪುಟ್ಟ ಸ್ಕ್ರೂ ತಿರುಗಿಸಿದರೆ ಸರಿಹೋಗುತ್ತದೆ ಎಂಬ ಮಾತು ಬಹಳ ಹಳೆಯದು. ಅದು ಲೇಸರಿಗೆ ಹರಿಯುವ ಕರೆಂಟ್ ಹೆಚ್ಚಿಸುತ್ತದೆ. ಕೆಲವು ದಿನ ಓಡುತ್ತದೆ, ಆಮೇಲೆ ಪೂರ್ತಿ ಸುಟ್ಟುಹೋಗುತ್ತದೆ.

ಸುಟ್ಟ ವಾಸನೆ, ಡಿಸ್ಕ್ ಕೆರೆಯುವ ಸದ್ದು, ಸಿಕ್ಕಿಕೊಂಡ ಡಿಸ್ಕ್, ಒಂದೂ ಡಿವಿಡಿ ಓದದ ಡ್ರೈವ್: ಈ ನಾಲ್ಕಕ್ಕೂ ರಿಪೇರಿಯವರ ಬಳಿ ಹೋಗಿ. ಪಿಎಸ್3, ಪಿಎಸ್4, ಎಕ್ಸ್‌ಬಾಕ್ಸ್ 360ರಲ್ಲಿ ಡ್ರೈವ್ ಬೋರ್ಡ್ ಕನ್ಸೋಲ್‌ನ ಮುಖ್ಯ ಬೋರ್ಡ್‌ಗೆ ಜೋಡಿ ಕಟ್ಟಿಕೊಂಡಿರುತ್ತದೆ. ಬೇರೆ ಕನ್ಸೋಲ್‌ನ ಪೂರ್ತಿ ಡ್ರೈವ್ ತಂದು ಹಾಕಿದರೆ ಗೇಮ್ ಓಡುವುದಿಲ್ಲ. ಲೇಸರ್ ಭಾಗ ಮಾತ್ರ ಬದಲಿಸಿ ಹಳೆಯ ಬೋರ್ಡ್ ಉಳಿಸಬೇಕು. ಹೋಗುವಾಗ ಅದಲು-ಬದಲು ಪರೀಕ್ಷೆಯ ಮೂರೂ ಡಿಸ್ಕ್ ಜೊತೆಗಿರಲಿ, ಮಾದರಿ ಸಂಖ್ಯೆಯೂ ಪರದೆಯ ಸಂದೇಶದ ಫೋಟೊವೂ ಮೊಬೈಲ್‌ನಲ್ಲಿರಲಿ, ಹಳೆಯ ಲೇಸರ್ ವಾಪಸ್ ಕೊಡಿ ಎಂದು ಮೊದಲೇ ಹೇಳಿಡಿ.